ನಾಲ್ಕನೇ ಹಲಗೆ ಸುಮ್ಮನಿದ್ದ ದಿನ

ಪರದೆಯ ಮೇಲಿನ ನಾಲ್ಕು ಗೆರೆಗಳಲ್ಲಿ ಮೂರು ಒಂದೇ ಕ್ಷಣಕ್ಕೆ ಗುಡ್ಡದಂತೆ ಎದ್ದು ಇಳಿದಿದ್ದವು. ನಾಲ್ಕನೆಯದು ಏನೂ ನಡೆದೇ ಇಲ್ಲವೆಂಬಂತೆ ನೆಲ ಹಿಡಿದು ಸಾಗಿತ್ತು. ಬೆಳಗಿನ ಚಹಾ ಪಕ್ಕದಲ್ಲಿ ಆರುತ್ತಿತ್ತು. ನಾನು ಮೊದಲು ಕಂಪ್ಯೂಟರಿನ ಮೇಲೆ ಅನುಮಾನಪಟ್ಟೆ, ಆಮೇಲೆ ಕನ್ನಡಕದ ಮೇಲೆ. ಸೆರಗಿನಿಂದ ಎರಡನ್ನೂ ಒರೆಸಿ ಮತ್ತೆ ನೋಡಿದೆ. ಮೂರು ಗುಡ್ಡ, ಒಂದು ಬಯಲು.

ಆ ಬಯಲು ನನ್ನ ಹಲಗೆಯದು.

ಹಲಗೆ ಎಂದರೆ ಏನೆಂದು ಹೇಳಿಬಿಡುತ್ತೇನೆ. ಭೂಮಿಯನ್ನು ಸುತ್ತುತ್ತಿರುವ ಒಂದು ಬಾಹ್ಯಾಕಾಶ ದೂರದರ್ಶಕದಲ್ಲಿ ಗಾಮಾ ಕಿರಣಗಳನ್ನು ಎಣಿಸುವ ಪೆಟ್ಟಿಗೆಯೊಂದಿದೆ. ಪೆಟ್ಟಿಗೆಯ ತಳದಲ್ಲಿ ನಾಲ್ಕು ಚೌಕ ಹಲಗೆಗಳು, ಪ್ರತಿಯೊಂದರ ತುಂಬ ಸಣ್ಣ ಸಣ್ಣ ಹರಳುಗಳು. ಕಿರಣವೊಂದು ಹರಳಿಗೆ ತಾಗಿದರೆ ಒಂದು ಎಣಿಕೆ. ಸುಮ್ಮನಿದ್ದಾಗಲೂ ಆಕಾಶದಿಂದ ಅಷ್ಟಿಷ್ಟು ಬಂದು ತಾಗುತ್ತಲೇ ಇರುತ್ತವೆ. ಆದರೆ ದೂರದಲ್ಲೆಲ್ಲೋ ದೊಡ್ಡ ನಕ್ಷತ್ರ ಕುಸಿದರೆ, ಅಥವಾ ಸತ್ತ ನಕ್ಷತ್ರಗಳೆರಡು ಒಂದಕ್ಕೊಂದು ಡಿಕ್ಕಿ ಹೊಡೆದರೆ, ಎಣಿಕೆ ಏಕಾಏಕಿ ಏರುತ್ತದೆ. ಅದು ಗಾಮಾ ಕಿರಣ ಸ್ಫೋಟ. ನಮ್ಮ ತಂಡದಲ್ಲಿ ಕಾಲೇಜು ಅಧ್ಯಾಪಕರಿಗೂ ಈ ಕೆಲಸದ ಪಾಲಿದೆ. ಒಬ್ಬೊಬ್ಬರಿಗೆ ಒಂದೊಂದು ಹಲಗೆ. ರಾಯದುರ್ಗದಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನಗೆ ನಾಲ್ಕನೆಯದು, ಮಡಕಶಿರಾದ ಮೇಷ್ಟ್ರಿಗೆ ಮೊದಲನೆಯದು, ಉಳಿದೆರಡು ಬೇರೆ ಊರಿನವರಿಗೆ. ದಿನವೂ ನಮ್ಮ ನಮ್ಮ ಹಲಗೆಯ ಬಿಸಿ, ಅದರ ಗದ್ದಲ, ಕಾರಣವಿಲ್ಲದೆ ಎಣಿಸುವ ಹುಚ್ಚು ಹರಳುಗಳು, ಎಲ್ಲವನ್ನೂ ನೋಡಿ ವರದಿ ಕೊಡಬೇಕು. ಸ್ಫೋಟ ಹೌದೋ ಅಲ್ಲವೋ ಎನ್ನುವುದಕ್ಕೆ ತಂಡದಲ್ಲಿ ಒಂದೇ ನಿಯಮ: ಮೂರು ಹಲಗೆಗಳಲ್ಲಿ ಕಂಡರೆ ಹೌದು, ಒಂದರಲ್ಲೇ ಕಂಡರೆ ಅದು ಗದ್ದಲ.

ಅಷ್ಟರಲ್ಲಿ ಮಡಕಶಿರಾದಿಂದ ಫೋನ್ ಬಂತು.

“ಮೇಡಂ, ನೋಡಿದ್ರಾ? ನಂದು ಹೆಂಗೆ ಎದ್ದೈತೆ ನೋಡಿ! ಎರಡು ಸೆಕೆಂಡೂ ಇಲ್ಲ ಕಣ್ರೀ, ಎದ್ದು ಮಲಗೇಬುಡ್ತು. ಕಿರುಸ್ಫೋಟ ಇದು, ಕಿರುಸ್ಫೋಟ!”

ಮೇಷ್ಟ್ರ ಸಂಭ್ರಮಕ್ಕೆ ಅರ್ಥವಿತ್ತು. ಹೆಚ್ಚಿನ ಸ್ಫೋಟಗಳು ಅದಕ್ಕಿಂತ ದೀರ್ಘವಾಗಿರುತ್ತವೆ. ಎರಡು ಸೆಕೆಂಡಿನೊಳಗೆ ಮುಗಿಯುವುದು ಅಪರೂಪ. ಅದು ಸತ್ತ ನಕ್ಷತ್ರಗಳ ಡಿಕ್ಕಿಯ ಗುರುತು. ಅಂಥದ್ದು ಕಂಡಿತೆಂದರೆ ಲೋಕದ ದೊಡ್ಡ ದೂರದರ್ಶಕಗಳು ತಮ್ಮ ಕೆಲಸ ಬಿಟ್ಟು ಆ ಕಡೆ ಕತ್ತು ತಿರುಗಿಸುತ್ತವೆ.

“ನಿಮ್ದು?” ಎಂದರು.

“ನಂದು ಸುಮ್ನೈತ್ರಿ.”

“ಸುಮ್ನೆ ಅಂದ್ರೆ?”

“ಸುಮ್ನ ಅಂದ್ರ ಸುಮ್ನ. ಮಕ್ಕೊಂಡೇತಿ.”

“ನೀರು ಚುಮುಕಿಸಿ ಎಬ್ಬಿಸ್ರಿ ಮತ್ತೆ,” ಎಂದು ನಕ್ಕು, “ಮೂರು ಹೌದಂದವಲ್ಲ, ಬುಡಿ,” ಎಂದರು.

ನಿಯಮದ ಪ್ರಕಾರ ಮೂರು ಸಾಕಿತ್ತು. ಆ ವಾರದ ಪಾಳಿ ನಮ್ಮಿಬ್ಬರದೇ ಆದ್ದರಿಂದ ಇಬ್ಬರ ಹೆಸರಿನಲ್ಲೇ, ತಂಡದ ಮುಖ್ಯಸ್ಥೆಯ ಒಪ್ಪಿಗೆ ಪಡೆದು, ಕಿರುಸ್ಫೋಟವೆಂಬ ಪ್ರಕಟಣೆ ಹೊರಟಿತು.

ಪ್ರಕಟಣೆ ಹೋದ ಮೇಲೆ ನಾನು ಉಳಿದ ದತ್ತಾಂಶವನ್ನು ಮುಂದಕ್ಕೆ ಸರಿಸುತ್ತಾ ಹೋದೆ. ಇದು ಅಭ್ಯಾಸ, ಪಾತ್ರೆ ತೊಳೆದ ಮೇಲೆ ಕಟ್ಟೆ ಒರೆಸದಿದ್ದರೆ ನನಗೆ ಸಮಾಧಾನವಿಲ್ಲ. ಗುಡ್ಡ ಇಳಿದು ಕೆಲವು ನಿಮಿಷಗಳಾದ ಮೇಲೆ ನನ್ನ ನಾಲ್ಕನೇ ಗೆರೆ ತಟ್ಟನೆ ಎದ್ದಿತ್ತು. ಎದ್ದು ಬಹಳ ಹೊತ್ತು ನಿಂತಿತ್ತು. ಎರಡು ಮತ್ತು ಮೂರರಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಉಬ್ಬು. ಮೊದಲನೆಯದರಲ್ಲಿ ಏನೂ ಇಲ್ಲ. ಎಲ್ಲರೂ ಮಾತಾಡಿದಾಗ ಬಾಯಿ ಮುಚ್ಚಿಕೊಂಡಿದ್ದ ಹಲಗೆ, ಎಲ್ಲರೂ ಸುಮ್ಮನಾದ ಮೇಲೆ ಒಂದೇ ಸಮನೆ ಕೂಗಿತ್ತು.

ಮಧ್ಯಾಹ್ನದ ವೀಡಿಯೊ ಸಭೆಯಲ್ಲಿ ಇದನ್ನು ಹೇಳಿದೆ. ಹೇಳದಿದ್ದರೂ ನಿಯಂತ್ರಣ ಕೇಂದ್ರದ ಅಧಿಕಾರಿ ಗಮನಿಸಿಯೇ ಇದ್ದರು. ದೂರದರ್ಶಕಕ್ಕೆ ಆಜ್ಞೆಗಳನ್ನು ಕಳಿಸುವುದು ಅವರ ಕೆಲಸ. ಮಾತು ನೇರ.

“ನಿಮ್ಮ ಹಲಗೆ ಮೊದಲಿಂದಲೂ ಗಲಾಟೆ ಮೇಡಂ. ಈಗ ನಿಜವಾದದ್ದನ್ನ ಬಿಟ್ಟು ಇಲ್ಲದ್ದನ್ನ ಎಣಿಸ್ತಿದೆ. ವಿದ್ಯುತ್ ಸರಬರಾಜು ಕೆಟ್ಟಿರೋ ಲಕ್ಷಣ. ಅದೇ ಸರಬರಾಜಿಗೆ ಪಕ್ಕದ ಹಲಗೇನೂ ಸೇರಿದೆ. ಇದು ಹಾಳಾಗ್ತಾ ಅದನ್ನೂ ಎಳೆದುಕೊಂಡು ಹೋದರೆ? ಸೋಮವಾರದ ಆಜ್ಞೆಗಳಲ್ಲಿ ಇದನ್ನ ಆಫ್ ಮಾಡಿಬಿಡ್ತೀನಿ.”

“ಆಮೇಲೆ ಮತ್ತೆ ಆನ್ ಮಾಡಬಹುದಾ?” ಮುಖ್ಯಸ್ಥೆ ಕೇಳಿದರು.

“ಈ ವಯಸ್ಸಲ್ಲಿ ಒಮ್ಮೆ ತಣ್ಣಗಾದರೆ ಮತ್ತೆ ಏಳುತ್ತೆ ಅಂತ ನಾನು ಭರವಸೆ ಕೊಡಲ್ಲ.”

ಮುಖ್ಯಸ್ಥೆ ನನ್ನ ಕಡೆ ನೋಡಿ, “ಸೋಮವಾರದೊಳಗೆ ಬೇರೆ ಕಾರಣ ಸಿಕ್ಕರೆ ಹೇಳಿ,” ಎಂದರು. ವರ್ಷಗಟ್ಟಲೆ ದಿನಾ ಬೆಳಿಗ್ಗೆ ನೋಡಿದ ಹಲಗೆ. ಅದು ಸರಿಯಿದೆ ಎಂದು ನನಗನ್ನಿಸುತ್ತಿತ್ತು. ಅದು ಸರಿಯಿರುವುದರಿಂದ ಹಾಗನ್ನಿಸುತ್ತಿತ್ತೋ, ನಾನು ನೋಡಿಕೊಂಡದ್ದಾದ್ದರಿಂದ ಹಾಗನ್ನಿಸುತ್ತಿತ್ತೋ, ಇದು ಮಾತ್ರ ಬಗೆಹರಿಯಲಿಲ್ಲ.

ನಮ್ಮ ಮನೆಯ ಕೆಳಗೆ ಜೀನ್ಸ್ ಹೊಲಿಯುವ ಯಂತ್ರಗಳಿವೆ. ನಮ್ಮ ಯಜಮಾನರು ಮತ್ತು ನನ್ನ ನಾದಿನಿ ನೋಡಿಕೊಳ್ಳುತ್ತಾರೆ. ಊಟಕ್ಕೆ ಮೇಲೆ ಬಂದ ಯಜಮಾನರು ನನ್ನ ಮುಖ ನೋಡಿದರು.

“ಯಾಕ ಹಂಗ ಕುಂತಿ? ಯಾರರ ಏನರ ಅಂದ್ರೇನು?”

“ನನ್ನ ಹಲಗಿ ಆಫ್ ಮಾಡ್ತಾರಂತ. ಸೋಮವಾರ.”

“ಇಲ್ಲಿಂದ ಅಷ್ಟು ಮ್ಯಾಲ ಇರೋದನ್ನ?” ಜೊತೆಗೇ ಬಂದಿದ್ದ ನಾದಿನಿ ಕೈಗಂಟಿದ ನೀಲಿ ದಾರ ಬಿಡಿಸಿಕೊಳ್ಳುತ್ತಾ ಕೇಳಿದಳು. “ನಮ್ಮ ಬೀದಿ ಫ್ಯೂಸ್ ಹಾಕಾಕ ಲೈನ್‌ಮನ್ ಕರದ್ರ ಬರಂಗಿಲ್ಲ ಅತ್ತಿಗಿ. ಆಕಾಶದಾಗಿಂದು ಆಫ್ ಮಾಡಾಕ ಅದೇನು ಅವಸರ ಅಂತ ಇವರಿಗೆ?”

“ಕೆಟ್ಟಿದ್ರ ತಗೀಬೇಕಲ್ಲ,” ಎಂದರು ಯಜಮಾನರು.

“ಕೆಟ್ಟೇತೋ ಇಲ್ಲೋ ಅದ ಗೊತ್ತಿಲ್ರಿ,” ಎಂದೆ. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿಕೊಂಡಿದ್ದೆ.

ಮರುದಿನ ಕಾಲೇಜಿನಿಂದ ಬಂದು ಕೆಲಸಕ್ಕೆ ಕುಳಿತೆ. ಮೊದಲು ಹುಚ್ಚು ಹರಳುಗಳನ್ನು ತೆಗೆದುಹಾಕಿದೆ. ಗದ್ದಲವಾಗಿದ್ದರೆ ನಾಲ್ಕಾರು ಹರಳುಗಳೇ ಎಲ್ಲವನ್ನೂ ಎಣಿಸಿರಬೇಕು. ಅವನ್ನು ಕಿತ್ತರೆ ಏರಿಕೆ ಬೀಳಬೇಕು. ಬೀಳಲಿಲ್ಲ. ಏರಿಕೆ ಹಲಗೆಯ ತುಂಬ ಹರಡಿಕೊಂಡಿತ್ತು. ಸಂತೋಷದಿಂದ ಅಧಿಕಾರಿಗೆ ತಿಳಿಸಿದೆ. ಅವರು, “ಸರಬರಾಜು ಏರುಪೇರಾದರೂ ಎಲ್ಲ ಹರಳು ಒಟ್ಟಿಗೇ ಏರುತ್ತವಲ್ಲ ಮೇಡಂ,” ಎಂದರು. ಅದೂ ನಿಜವೇ. ಬೇರೆ ದೇಶದ ಉಪಗ್ರಹಗಳ ದತ್ತಾಂಶ ಹುಡುಕಿದೆ. ಒಂದು ಆಗ ಭೂಮಿಯ ಮರೆಯಲ್ಲಿತ್ತು. ಇನ್ನೊಂದು ಮೊದಲ ಏರಿಕೆಯನ್ನು ಕಂಡು, ಎರಡನೆಯದರ ಹೊತ್ತಿಗೆ ವಿಕಿರಣ ಜಾಸ್ತಿಯಿರುವ ವಲಯ ಹೊಕ್ಕು ತನ್ನನ್ನು ತಾನೇ ಮುಚ್ಚಿಕೊಂಡಿತ್ತು. ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ.

ಆಮೇಲೆ ಕಿರಣಗಳನ್ನು ಶಕ್ತಿಯ ಪ್ರಕಾರ ಬೇರ್ಪಡಿಸಿದೆ. ಕಡಿಮೆ ಶಕ್ತಿಯವು ಒಂದು ಕಡೆ, ಹೆಚ್ಚಿನವು ಇನ್ನೊಂದು ಕಡೆ. ಎಲ್ಲರೂ ಕಂಡ ಆ ಮೊದಲ ಕ್ಷಣದಲ್ಲಿ ನನ್ನ ಹಲಗೆಯಲ್ಲಿ ಕಡಿಮೆ ಶಕ್ತಿಯ ಕಿರಣಗಳು ಒಂದಿಷ್ಟೂ ಏರಿರಲಿಲ್ಲ. ಆದರೆ ಹೆಚ್ಚಿನ ಶಕ್ತಿಯವುಗಳಲ್ಲಿ ಸಣ್ಣದೊಂದು ಗುಡ್ಡ, ಅದೇ ಕ್ಷಣದಲ್ಲಿ, ಅದೇ ಆಕಾರದಲ್ಲಿ ಇತ್ತು. ಕೆಟ್ಟ ಹಲಗೆ ಹೀಗೆ ಆರಿಸಿ ಆರಿಸಿ ಬಿಡುವುದಿಲ್ಲ. ಅದರ ಮುಂದೆ ಏನೋ ಅಡ್ಡ ನಿಂತಿತ್ತು. ಬಲವಿಲ್ಲದವನ್ನು ತಡೆದು ಬಲವುಳ್ಳವನ್ನು ಮಾತ್ರ ಬಿಟ್ಟಿತ್ತು. ದೂರದರ್ಶಕದ ಮೇಲೆ ನಮ್ಮ ಪೆಟ್ಟಿಗೆಯ ಜೊತೆಗೆ ಬೇರೆ ಉಪಕರಣಗಳೂ ಇವೆ, ದಪ್ಪ ಲೋಹದ ಕೊಳವೆಗಳು. ಸ್ಫೋಟ ಓರೆಯಾಗಿ ಬಂದರೆ ಅವುಗಳ ನೆರಳು ಯಾವುದಾದರೊಂದು ಹಲಗೆಯ ಮೇಲೆ ಬಿದ್ದೇ ಬೀಳುತ್ತದೆ.

ಮುಖ್ಯಸ್ಥೆಗೆ ಫೋನ್ ಮಾಡಿದೆ. ಅವರು ಸಾವಧಾನವಾಗಿ ಕೇಳಿದರು.

“ನೆರಳು ಒಪ್ಪಿಕೊಳ್ಳೋಣ. ಹಾಗಾದರೆ ಎರಡನೇ ಸಲ ನೆರಳು ಮೊದಲನೇ ಹಲಗೆಯ ಮೇಲೆ ಬಿದ್ದಿರಬೇಕು. ಅಂದರೆ ಅದು ಬಂದದ್ದು ಬೇರೆ ದಿಕ್ಕಿನಿಂದ. ಕೆಲವು ನಿಮಿಷದ ಅಂತರದಲ್ಲಿ ಎರಡು ದಿಕ್ಕಿನಿಂದ ಎರಡು ಸ್ಫೋಟ? ನೀವೇ ನಂಬುತ್ತೀರಾ?”

ನಂಬುವುದು ಕಷ್ಟವಾಗಿತ್ತು. ದೂರದರ್ಶಕವೇ ತಿರುಗುತ್ತಿದ್ದರೆ ಸರಿಹೋಗುತ್ತಿತ್ತು. ಆದರೆ ಯೋಜನಾಪಟ್ಟಿಯ ಪ್ರಕಾರ ಅದು ಹೊಸ ಗುರಿಯ ಕಡೆ ತಿರುಗಬೇಕಾದದ್ದು ಮುಂದಿನ ಸುತ್ತಿನಲ್ಲಿ. ಸ್ಫೋಟದ ಹೊತ್ತಿಗೆ ಅದು ಒಂದೇ ಕಡೆ ನೋಡುತ್ತಾ ನಿಂತಿತ್ತು. ಅಲ್ಲಿಗೆ ನನ್ನ ನೆರಳಿನ ವಾದ ಅರ್ಧ ಸತ್ತಿತು.

ಶನಿವಾರ ಬೆಳಿಗ್ಗೆ ದಿನದ ವರದಿಗೆಂದು ಹಲಗೆಯ ಉಷ್ಣತೆ ತೆರೆದೆ. ಸ್ಫೋಟದ ತಲೆಬಿಸಿಯಲ್ಲಿ ಆ ದಿನದ್ದನ್ನು ನೋಡಿಯೇ ಇರಲಿಲ್ಲ. ದೂರದರ್ಶಕ ತಿರುಗಿದಾಗಲೆಲ್ಲ ಬಿಸಿಲು ಬೀಳುವ ಮಗ್ಗುಲು ಬದಲಾಗಿ ನನ್ನ ಹಲಗೆ ಮೆಲ್ಲಗೆ ತಣಿಯುತ್ತದೆ, ಇಲ್ಲವೇ ಕಾಯುತ್ತದೆ. ಆ ದಿನವೂ ತಣಿಯತೊಡಗಿತ್ತು. ಆದರೆ ಪಟ್ಟಿ ಹೇಳಿದ ಸಮಯಕ್ಕಿಂತ ಬಹಳ ಮೊದಲೇ.

ಅಧಿಕಾರಿಗೆ ಫೋನ್ ಮಾಡಿ, “ಆ ದಿನ ತಿರುಗಿಸೋದು ಏನರ ಮುಂಚೆ ಮಾಡಿದ್ರೇನ್ರಿ?” ಎಂದೆ.

“ಮಾಡಿರಬಹುದು. ಇನ್ನೊಂದು ಉಪಕರಣದವರು ಬೇಗ ಬೇಕು ಅಂತಿದ್ದರು. ಆ ಹೊತ್ತಿನ ಪಾಳಿ ನನ್ನದಲ್ಲ. ನಿಜವಾಗಿ ಎತ್ತ ನೋಡ್ತಿತ್ತು ಅನ್ನೋ ದಾಖಲೆ ತಯಾರಾಗೋಕೆ ಇನ್ನೂ ಟೈಮ್ ಇದೆ ಮೇಡಂ.”

“ಸೋಮವಾರದೊಳಗ?”

“ಹೇಳೋಕಾಗಲ್ಲ.”

ನಾವು ನಾಲ್ವರೂ, ಮುಖ್ಯಸ್ಥೆಯೂ, ಯೋಜನಾಪಟ್ಟಿಯನ್ನೇ ನಿಜವೆಂದು ಹಿಡಿದು ಕುಳಿತಿದ್ದೆವು. ಪಟ್ಟಿ ಬಹುಮಟ್ಟಿಗೆ ತಪ್ಪುವುದಿಲ್ಲವಾದ್ದರಿಂದ ಯಾರಿಗೂ ಕೇಳಬೇಕೆನಿಸಿರಲಿಲ್ಲ.

ನೆರಳಿನ ಲೆಕ್ಕ ಮಾಡುವ ತಂತ್ರಾಂಶ ಇರುವುದು ಮಡಕಶಿರಾದ ಮೇಷ್ಟ್ರ ಕಂಪ್ಯೂಟರಿನಲ್ಲಿ. ಆಕಾಶದ ಯಾವ ದಿಕ್ಕಿನಿಂದ ಕಿರಣ ಬಂದರೆ ಯಾವ ಹಲಗೆಯ ಮೇಲೆ ಎಷ್ಟು ನೆರಳು ಎಂಬುದನ್ನು ಅದು ಹೇಳುತ್ತದೆ. ಬೇರ್ಪಡಿಸಿದ ದತ್ತಾಂಶ ನಮ್ಮ ಊರಿನ ಇಂಟರ್ನೆಟ್ಟಿನಲ್ಲಿ ದಾಟುವಷ್ಟು ಸಣ್ಣದಿರಲಿಲ್ಲ. ಭಾನುವಾರ ಅದನ್ನು ಡ್ರೈವಿಗೆ ತುಂಬಿಕೊಂಡು ಬಸ್ಸು ಹತ್ತಿದೆ. ಕಲ್ಯಾಣದುರ್ಗದಲ್ಲಿ ಒಂದು ಬಸ್ಸು ಬದಲಿಸಿ, ಪಾವಗಡದಲ್ಲಿ ಇನ್ನೊಂದು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, “ಎಕ್ಕಡಿಕಮ್ಮಾ?” ಎಂದು ತೆಲುಗಿನಲ್ಲಿ, ಎಲ್ಲಿಗೆಂದು ಕೇಳಿದಳು. ಮಡಕಶಿರಾ ಎಂದೆ. ಸಂಬಂಧ ನೋಡೋಕಾ ಎಂದಳು. ಹೂಂ ಅಂದುಬಿಟ್ಟೆ, ಬೇರೆ ಹೇಳಲು ಶಕ್ತಿಯಿರಲಿಲ್ಲ.

ಮೇಷ್ಟ್ರ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಕಂಪ್ಯೂಟರಿರುವ ಕೋಣೆಗೆ ಹುಳುವಿನ ಮನೆಯ ಮೂಲಕವೇ ಹೋಗಬೇಕು. ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿದರು.

“ಕಾಲು ತೊಳ್ಕೊಂಡು ಬನ್ನಿ ಮೇಡಂ. ತಲೇಲಿರೋ ಹೂವ ಅಲ್ಲೇ ಮಡಗಿ. ಹುಳ ನಾಕನೇ ಜ್ವರದಾಗವೆ, ವಾಸನೆ ಆಗಕ್ಕಿಲ್ಲ.”

“ಇವ್ರ ಹಲಗೇಗೂ ನಾಕನೇ ಜ್ವರಾನೇ ಕಣೆ,” ಎಂದರು ಮೇಷ್ಟ್ರು ಒಳಗಿನಿಂದ.

ಹುಳುಗಳು ತಲೆಯೆತ್ತಿ ಅಲ್ಲಾಡದೆ ನಿಂತಿದ್ದವು. ಪೊರೆ ಬಿಡುವ ಹೊತ್ತು. ಸದ್ದಾಗದಂತೆ ತಟ್ಟೆಗಳ ನಡುವೆ ನಡೆದು ಹೋದೆ.

ಮೊದಲು ಪಟ್ಟಿಯಲ್ಲಿದ್ದ ದಿಕ್ಕನ್ನೇ ಕೊಟ್ಟು ಲೆಕ್ಕ ಓಡಿಸಿದೆವು. ಮೊದಲ ಏರಿಕೆಗೆ ಆಕಾಶದಲ್ಲಿ ಒಂದು ತುಂಡು ಜಾಗ ಸಿಕ್ಕಿತು, ಎರಡನೆಯದಕ್ಕೆ ಬಹುದೂರದ ಇನ್ನೊಂದು. ಆಮೇಲೆ ದೂರದರ್ಶಕ ತಿರುಗುತ್ತಿತ್ತೆಂದು ಊಹಿಸಿ, ಹಲಗೆ ತಣಿಯತೊಡಗಿದ ಹೊತ್ತನ್ನು ಆಧಾರವಾಗಿಟ್ಟು ಓಡಿಸಿದೆವು. ಯಂತ್ರ ಬಹಳ ಹೊತ್ತು ತೆಗೆದುಕೊಂಡಿತು. ಮೇಷ್ಟ್ರು ಕಡಲೆಕಾಯಿ ಸುಲಿಯುತ್ತಾ ಕುಳಿತರು, ನನಗೂ ಒಂದು ಬೊಗಸೆ ಕೊಟ್ಟರು. ಚಿತ್ರ ಬಂದಾಗ ಎರಡೂ ತುಂಡುಗಳು ಒಂದರ ಮೇಲೊಂದು ಕುಳಿತಿದ್ದವು.

ಮೇಷ್ಟ್ರು ಸುಲಿಯುವುದನ್ನು ನಿಲ್ಲಿಸಿದರು.

“ಒಂದೇ ಜಾಗ.”

“ಹೌದ್ರಿ.”

“ಅಂದ್ರೆ ಎರಡೂ ಒಂದೇ ಸ್ಫೋಟ. ನಡುವೆ ಸುಮ್ಕಿದ್ದು ಮತ್ತೆ ಎದ್ದೈತೆ.” ಅವರ ದನಿ ಇಳಿಯಿತು. “ಅಂದ್ರೆ ಕಿರುಸ್ಫೋಟ ಅಲ್ಲ ಇದು. ನಿಮಿಷಗಟ್ಟಲೆ ಐತೆ.”

ರೊಳ್ಳ ಊರಿನಲ್ಲಿರುವ ಅಣ್ಣನಿಂದ ಹಿಡಿದು ಕಾಲೇಜಿನ ಜವಾನನವರೆಗೆ ಎಲ್ಲರಿಗೂ ಅವರು ಕಿರುಸ್ಫೋಟದ ಕಥೆ ಹೇಳಿದ್ದರು.

“ನಿಮ್ಮ ಹಲಗೆ ಉಳಿಸ್ಕಣಕ್ಕೆ ನನ್ನ ಸ್ಫೋಟ ತಗೀತೀರಲ್ಲ ಮೇಡಂ,” ಎಂದು ನಗಲು ನೋಡಿದರು. ನಗು ಬರಲಿಲ್ಲ. “ದಾಖಲೆ ಬರ್ಲಿ. ಬಂದ್ಮೇಲೆ ತಿದ್ದೋಣ. ಊಹೆ ಮೇಲೆ ತಿದ್ದಿ, ಅದೂ ತಪ್ಪಾದ್ರೆ?”

“ಸೋಮವಾರ ಆದಮೇಲ ಹಲಗಿ ಇರಂಗಿಲ್ರಿ.”

ತಿದ್ದುಪಡಿ ಹೊರಡಬೇಕಾದರೆ ಮೊದಲು ಹೆಸರು ಹಾಕಿದವರೆಲ್ಲ ಒಪ್ಪಬೇಕು, ಇದು ತಂಡದ ಪದ್ಧತಿ. ಒಬ್ಬಳೇ ಕಳಿಸಲಾರೆ. ಬೇಕಾದರೆ ಅಧಿಕಾರಿಗೆ ಬರೀ ನೆರಳಿನ ವಿಷಯ ಹೇಳಿ, ಸ್ಫೋಟ ಕಿರಿದೋ ಹಿರಿದೋ ಎನ್ನುವ ಮಾತನ್ನು ಆಮೇಲಕ್ಕೆ ಇಡಬಹುದಿತ್ತು. ಆ ಯೋಚನೆ ಬಂದು ಹೋಯಿತು. ಆದರೆ ನನ್ನ ಹಲಗೆ ಸರಿಯೆನ್ನಲು ನನಗಿದ್ದ ಆಧಾರ ಆ ಎರಡನೆಯ ಏರಿಕೆ ನಿಜವೆಂಬುದೇ. ಅದು ನಿಜವೆಂದು ಒಂದು ಕಡೆ ಹೇಳಿ, ಇನ್ನೊಂದು ಕಡೆ ಲೋಕದ ದೂರದರ್ಶಕಗಳನ್ನು ಇಲ್ಲದ ಕಿರುಸ್ಫೋಟದ ಹಿಂದೆ ಓಡಲು ಬಿಡುವುದು ಹೇಗೆ? ಎರಡನ್ನೂ ಒಟ್ಟಿಗೆ ಹೇಳುವುದೆಂದು ತೀರ್ಮಾನಿಸಿ ಹಾಗೆಯೇ ಮೇಷ್ಟ್ರಿಗೆ ಹೇಳಿದೆ.

ಅವರು ಸಿಪ್ಪೆಗಳನ್ನು ಒಂದೆಡೆ ಗುಡಿಸಿ, ಮುದ್ದೆಗೆ ಎಬ್ಬಿಸಲು ಬಂದ ಹೆಂಡತಿಗೆ “ತಡಿ” ಎಂದು, ಪರದೆಯನ್ನು ಇನ್ನೊಮ್ಮೆ ನೋಡಿದರು.

“ಬರೀರಿ. ಆದ್ರೆ ‘ಇರಬಹುದು’ ಅಂತ ಬರೀರಿ.”

“ಎಲ್ಲೆಲ್ಲಿ?”

“ಎಲ್ಲೆಲ್ಲಿ ಇರಬಹುದೋ ಅಲ್ಲೆಲ್ಲ.”

ನಾಲ್ಕು ಸಾಲಿನ ತಿದ್ದುಪಡಿ ಬರೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಅದನ್ನೂ ಚಿತ್ರವನ್ನೂ ಮುಖ್ಯಸ್ಥೆಗೆ ಕಳಿಸಿ ಮುದ್ದೆ ಉಂಡೆ.

ಚಿತ್ರ ನೋಡಿದ ಮುಖ್ಯಸ್ಥೆ ಯಾರಿಗೆ ಏನು ಹೇಳಿದರೋ, ಸೋಮವಾರ ಬೆಳಿಗ್ಗೆಯೇ ನಿಜವಾದ ದಿಕ್ಕಿನ ದಾಖಲೆ ಬಂತು. ನಾನು ಸ್ಟಾಫ್‌ರೂಮಿನಲ್ಲಿದ್ದೆ. ತೆರೆದು ನೋಡಿದೆ. ದೂರದರ್ಶಕ ತಿರುಗಿತ್ತು, ನಿಜ. ಆದರೆ ನಾವು ಊಹಿಸಿದಷ್ಟು ತಿರುಗಿರಲಿಲ್ಲ.

ಮಡಕಶಿರಾಕ್ಕೆ ಫೋನ್ ಮಾಡಿದೆ. ಮೇಷ್ಟ್ರು ದಾಖಲೆ ಹಾಕಿ ಮತ್ತೆ ಓಡಿಸಿದರು. ತುಂಡುಗಳು ಪೂರ್ತಿ ಕೂಡಲಿಲ್ಲ, ಅಂಚು ಸೇರಿದ್ದವು; ಒಂದೇ ಸ್ಫೋಟವೆನ್ನಲು ಅಷ್ಟು ಸಾಲುತ್ತಿತ್ತು. ತೊಡಕು ಬೇರೆ ಕಡೆ ಇತ್ತು. ಹೊಸ ಲೆಕ್ಕದ ಪ್ರಕಾರ ಮೊದಲ ಏರಿಕೆಯಲ್ಲಿ ನನ್ನ ಹಲಗೆಯ ಮೇಲೆ ಬಿದ್ದ ನೆರಳು ಇನ್ನೂ ಹಗುರ. ಇನ್ನಷ್ಟು ಎಣಿಸಬೇಕಿತ್ತು, ಎಣಿಸಿರಲಿಲ್ಲ.

“ನೆರಳೊಂದೇ ಅಲ್ಲ ಮೇಡಂ,” ಮೇಷ್ಟ್ರು ಮೆಲ್ಲಗೆ ಹೇಳಿದರು. “ನಿಮ್ಮದಕ್ಕೆ ಏನೋ ಆಗೈತೆ.”

ಮೂರು ದಿನ ನಾನು ಸಮರ್ಥಿಸಿದ ಹಲಗೆ ನಿಜವಾಗಿಯೂ ಸೊರಗಿತ್ತು. ಸ್ಟಾಫ್‌ರೂಮಿನ ಫ್ಯಾನ್ ತಿರುಗುತ್ತಿತ್ತು. ಬೇರೇನೂ ತೋಚದೆ, “ಎರಡನೇದರಾಗ ಎಷ್ಟು ಕಡಿಮಿ ಐತಿ ನೋಡ್ರಿ,” ಎಂದೆ. ಎರಡನೆಯದರಲ್ಲಿ ನನ್ನ ಹಲಗೆಯ ಮೇಲೆ ನೆರಳೇ ಇರಲಿಲ್ಲ, ಎಣಿಕೆ ಭರ್ಜರಿಯಾಗಿತ್ತು. ಅಲ್ಲಿ ಕೊರತೆಯಿರಬಹುದೆಂದು ಯಾರೂ ನೋಡಿರಲಿಲ್ಲ.

ಮೇಷ್ಟ್ರು ಲೆಕ್ಕ ಹಾಕಿದರು. ಅಲ್ಲೂ ಕಡಿಮೆಯಿತ್ತು. ಮೊದಲನೆಯದರಲ್ಲಿ ಎಷ್ಟು ಪಾಲೋ ಇಲ್ಲೂ ಅಷ್ಟೇ ಪಾಲು.

ಸರಬರಾಜು ಏರುಪೇರಾಗಿದ್ದರೆ ಕೊರತೆ ಒಂದೊಂದು ಸಲ ಒಂದೊಂದು ಥರ ಇರಬೇಕಿತ್ತು. ಇದು ಹಾಗಿರಲಿಲ್ಲ. ಹರಳುಗಳಿಗೆ ವಯಸ್ಸಾಗಿ ಎಣಿಕೆ ಒಂದೇ ಪ್ರಮಾಣದಲ್ಲಿ ಕುಗ್ಗಿತ್ತು, ಅಷ್ಟೆ. ಅಷ್ಟನ್ನು ಕೂಡಿಸಿಕೊಂಡು ಸ್ಫೋಟವನ್ನು ಅಳೆದಾಗ ನಾಲ್ಕು ಹಲಗೆಗಳ ಲೆಕ್ಕವೂ ಹೊಂದಿತು: ಒಂದು ಚುಟುಕು ಏರಿಕೆ, ನಿಮಿಷಗಳ ಮೌನ, ಆಮೇಲೆ ಉದ್ದನೆಯ ಇನ್ನೊಂದು ಏರಿಕೆ. ಸಾಧಾರಣ ದೀರ್ಘಸ್ಫೋಟ, ತಂಡ ಇಂಥವನ್ನು ಎಷ್ಟೋ ಕಂಡಿದೆ. ತಿದ್ದುಪಡಿ ಪ್ರಕಟವಾಯಿತು, ನಮ್ಮ ‘ಇರಬಹುದು’ಗಳಲ್ಲಿ ಕೆಲವನ್ನು ಮುಖ್ಯಸ್ಥೆ ತೆಗೆದಿದ್ದರು.

ಮಧ್ಯಾಹ್ನ ಅಧಿಕಾರಿಯ ಫೋನ್ ಬಂತು.

“ಮೇಡಂ, ಆಜ್ಞೆಗಳು ಹೋಗೋ ಹೊತ್ತಾಯ್ತು. ಮುಖ್ಯಸ್ಥೆ ನಿಮ್ಮನ್ನ ಕೇಳು ಅಂದರು. ಹಲಗೆ ಸರಿಯಿದೆಯಾ, ಕೆಟ್ಟಿದೆಯಾ? ಒಂದು ಮಾತು ಹೇಳಿ.”

“ಪೂರ್ತಿ ಸರಿ ಇಲ್ರಿ,” ಎಂದೆ. “ನೆರಳು ಬಿದ್ದಿದ್ದೂ ಖರೆ, ಅದು ಸೊರಗಿದ್ದೂ ಖರೆ. ಆದ್ರ ಎರಡೂ ಸಲ ಒಂದ ಲೆಕ್ಕದಾಗ ಕಡಿಮಿ ಎಣಿಸೇತಿ. ಸರಬರಾಜು ಕೆಟ್ಟಿದ್ರ ಹಂಗ ಆಗಂಗಿಲ್ಲ, ಪಕ್ಕದ್ದಕ್ಕ ಅಪಾಯ ಇಲ್ಲ. ಎಷ್ಟು ಕಡಿಮಿ ಅಂತ ಈಗ ಗೊತ್ತೈತಿ. ಕೂಡಿಸ್ಕೋಬೌದು. ಆಫ್ ಮಾಡಬ್ಯಾಡ್ರಿ.”

“ಒಂದೇ ಸ್ಫೋಟ ನೋಡಿ ಹೇಳ್ತಿದ್ದೀರಿ.”

“ಹೌದ್ರಿ, ಒಂದ.”

ಆ ಕಡೆ ಕೀಲಿಮಣೆಯ ಸದ್ದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು.

“ಆಫ್ ಮಾಡೋ ಆಜ್ಞೆ ತೆಗೆದೆ,” ಎಂದರು. “ಆದರೆ ಮುಂದಿನ ಸ್ಫೋಟದಲ್ಲಿ ಇದೇ ಪಾಲು ಕಡಿಮೆ ಬರದೆ, ಬೇರೆ ಏನಾದರೂ ಬಂದರೆ, ನಾನು ಯಾರನ್ನೂ ಕೇಳಲ್ಲ. ಆಫ್ ಮಾಡ್ತೀನಿ.”

“ಮಾಡ್ರಿ,” ಎಂದೆ. “ಹಂಗೇನರ ಬಂದ್ರ ನಾನ ಮೊದಲು ಫೋನ್ ಮಾಡಿ ಹೇಳ್ತೀನಿ.”